ಏಳು ಗಂಟೆಯ ಭೋಂಗಾ

ಸಾಂಗ್ಲಿ ಜಿಲ್ಲೆಯ ಕಡೇಗಾಂವ ತಾಲ್ಲೂಕಿನಲ್ಲಿ ಮೋಹಿತ್ಯಾಂಚೆ ವಡಗಾಂವ ಎಂಬ ಊರಿದೆ. ಸುಮಾರು 3,000 ಜನ, ಕಬ್ಬಿನ ಬೇಸಾಯ. 2022ರ ಆಗಸ್ಟ್ 14ರಂದು ಅಲ್ಲಿ ಗ್ರಾಮಸಭೆ ಕೂಡಿ ಒಂದು ನಿರ್ಣಯ ಮಾಡಿತು. ಮರುದಿನದಿಂದ ಪ್ರತಿ ಸಂಜೆ ಏಳಕ್ಕೆ ಗುಡಿಯ ಮೇಲಿನ ಭೋಂಗಾ (ಸೈರನ್) ಕೂಗುವುದು, ಕೂಗಿದೊಡನೆ ಮನೆಮನೆಯ ಟಿವಿ, ಮೊಬೈಲು ಎರಡೂ ಬಂದ್ ಆಗುವುದು. ಎಂಟೂವರೆಗೆ ಮತ್ತೊಮ್ಮೆ ಕೂಗಿದ ಮೇಲೆ ಬೇಕಾದವರು ಮತ್ತೆ ಹಚ್ಚಿಕೊಳ್ಳಬಹುದು. ನಡುವಿನ ಒಂದೂವರೆ ತಾಸು ಮಕ್ಕಳ ಓದಿಗೆ, ಮನೆಯವರ ಮಾತಿಗೆ.

ಆಗಿನ ಸರಪಂಚ ವಿಜಯ ಮೋಹಿತೆ ಕೊಟ್ಟ ಕಾರಣ ನಮ್ಮ ಯಾವ ಊರಿಗಾದರೂ ಹೊಂದುತ್ತದೆ. ಕೋವಿಡ್ ಕಾಲದಲ್ಲಿ ಪಾಠಕ್ಕೆಂದು ಕೊಟ್ಟ ಫೋನು ಶಾಲೆ ತೆರೆದ ಮೇಲೂ ಮಕ್ಕಳ ಕೈಯಿಂದ ಇಳಿದಿರಲಿಲ್ಲ. ಪ್ರತ್ಯೇಕ ಓದುವ ಕೋಣೆ ಇರುವ ಮನೆಗಳು ಅಲ್ಲಿಲ್ಲ. ಒಂದೇ ಪಡಸಾಲೆಯಲ್ಲಿ ಟಿವಿ ನಡೆಯುತ್ತಿದ್ದರೆ ಓದು ನಡೆಯುವುದಿಲ್ಲ. ಈ ವಿಚಾರ ಎತ್ತಿದಾಗ ಗಂಡಸರು ಮೊದಲು ನಕ್ಕುಬಿಟ್ಟರು. ಪಂಚಾಯತಿಯವರು ಹೆಂಗಸರನ್ನು ಸೇರಿಸಿ ಕೇಳಿದಾಗ, ತಾವೂ ಧಾರಾವಾಹಿ ಮತ್ತು ಮೊಬೈಲಿನಲ್ಲಿ ಬಹಳ ಹೊತ್ತು ಕಳೆಯುತ್ತೇವೆ, ಬಿಡುವುದಾದರೆ ಇಡೀ ಊರೇ ಬಿಡಲಿ ಎಂದು ಅವರು ಒಪ್ಪಿದರು. ಶುರುವಿನಲ್ಲಿ ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ನಿವೃತ್ತ ಶಿಕ್ಷಕರು ಮನೆಮನೆಗೆ ಹೋಗಿ ಹೇಳಬೇಕಾಯಿತು.

ಇಡೀ ಊರೇ ಬಿಡಲಿ ಎಂಬ ಆ ಮಾತಿನ ಮೇಲೆಯೇ ಈ ಲೇಖನ ನಿಂತಿದೆ. ಸಾಮಾಜಿಕ ಜಾಲತಾಣ ಬಿಡುವ ಬಗ್ಗೆ ಜಗತ್ತಿನಲ್ಲಿ ಬಂದಿರುವ ಬರಹದ ಬಹುಪಾಲು ಒಬ್ಬ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ಬುದ್ಧಿ ಹೇಳುತ್ತದೆ. ಜಾರನ್ ಲೇನಿಯರ್ 2018ರಲ್ಲಿ ಖಾತೆಗಳನ್ನು ಈಗಲೇ ಅಳಿಸಲು ಹತ್ತು ಕಾರಣ ಕೊಟ್ಟು ಒಂದು ಪುಸ್ತಕ ಬರೆದ. ಕ್ಯಾಲ್ ನ್ಯೂಪೋರ್ಟ್ 2019ರ ತನ್ನ ಪುಸ್ತಕದಲ್ಲಿ, ಮೂವತ್ತು ದಿನ ಬೇಡವಾದ ಆ್ಯಪುಗಳನ್ನೆಲ್ಲ ಬಿಟ್ಟು, ಆಮೇಲೆ ನಿಜಕ್ಕೂ ಉಪಯೋಗವಿರುವುದನ್ನಷ್ಟೇ ಒಂದೊಂದಾಗಿ ಒಳಗೆ ಬಿಟ್ಟುಕೊಳ್ಳಿ ಎಂದ. ಎರಡೂ ಒಳ್ಳೆಯ ಪುಸ್ತಕಗಳೇ. ಆದರೆ ಓದುವವನೊಬ್ಬನೇ ಗಟ್ಟಿ ಮನಸ್ಸು ಮಾಡಿದರೆ ಸಾಕು ಎಂಬ ನಂಬಿಕೆ ಎರಡಕ್ಕೂ ಆಧಾರ. ವಡಗಾಂವದ ಹೆಂಗಸರು ಹೇಳಿದ್ದು ಬೇರೆ, ಮತ್ತು ಸಂಶೋಧನೆ ಈಗ ಅವರ ಮಾತಿನ ಕಡೆಗೇ ವಾಲುತ್ತಿದೆ.

ಶಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಲಿಯೊನಾರ್ಡೊ ಬರ್ಸ್ಟಿನ್ ಮತ್ತು ಸಂಗಡಿಗರು 2023ರಲ್ಲಿ ಒಂದು ಅಧ್ಯಯನ ಹೊರತಂದರು. ಅಮೆರಿಕದ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದ ಪ್ರಶ್ನೆ ಇದು: ನಾಲ್ಕು ವಾರ ನಿಮ್ಮ ಟಿಕ್‌ಟಾಕ್ ಖಾತೆ ನಿಲ್ಲಿಸಲು ಎಷ್ಟು ದುಡ್ಡು ಕೊಡಬೇಕು? ಸರಾಸರಿ 59 ಡಾಲರ್ ಎಂದರು. ಇನ್‌ಸ್ಟಾಗ್ರಾಮ್‌ಗೆ 47 ಡಾಲರ್. ಅದೇ ವಿದ್ಯಾರ್ಥಿಗಳಿಗೆ, ನಿಮ್ಮ ಕಾಲೇಜಿನ ಎಲ್ಲರೂ ಒಟ್ಟಿಗೆ ಬಿಡುವುದಾದರೆ ಏನೆನ್ನುತ್ತೀರಿ ಎಂದು ಕೇಳಿದಾಗ ಲೆಕ್ಕ ತಿರುವುಮುರುವಾಯಿತು. ಹಾಗೆ ಎಲ್ಲರೂ ಬಿಡುವಂತಾದರೆ ತಾವೇ ದುಡ್ಡು ಕೊಡಲು ಸಿದ್ಧ, ಟಿಕ್‌ಟಾಕ್‌ಗೆ 28, ಇನ್‌ಸ್ಟಾಗ್ರಾಮ್‌ಗೆ 10 ಡಾಲರ್ ಎಂದರು. ಅಂದರೆ ಬಹಳ ಮಂದಿ ಅದನ್ನು ಬಳಸುತ್ತಿರುವುದು ಇಷ್ಟಪಟ್ಟಲ್ಲ. ಉಳಿದವರೆಲ್ಲ ಅಲ್ಲಿರುವಾಗ ತಾವೊಬ್ಬರೇ ಹೊರಗೆ ಉಳಿಯುವುದು ಬೇಡವೆಂದು. ನನಗೆ ಈ ಇಡೀ ಕ್ಷೇತ್ರದಲ್ಲಿ ಇದಕ್ಕಿಂತ ಮುಖ್ಯವಾದ ಫಲಿತಾಂಶ ಕಾಣುವುದಿಲ್ಲ. ಮನೆತನದ ವಾಟ್ಸ್ಆ್ಯಪ್ ಗ್ರೂಪಿನಿಂದ ಹೊರಬಂದವರಿಗೆ ಇದರ ಅರ್ಥ ಬೇಗ ಆಗುತ್ತದೆ. ಸಂಜೆಯೊಳಗೆ ಅತ್ತೆಯೋ ಚಿಕ್ಕಪ್ಪನೋ ಫೋನ್ ಮಾಡಿ, ಯಾಕೆ, ನಮ್ಮ ಮೇಲೆ ಸಿಟ್ಟೇನು ಎಂದು ಕೇಳಿಯೇ ಕೇಳುತ್ತಾರೆ.

ಬಿಟ್ಟರೆ ಒಳಿತಾಗುತ್ತದೆಯೇ ಎಂಬ ಪ್ರಶ್ನೆಗೂ ಪುರಾವೆಗಳಿವೆ, ಉತ್ಸಾಹಿಗಳು ಹೇಳುವಷ್ಟು ದೊಡ್ಡವಲ್ಲದಿದ್ದರೂ. 2018ರ ಅಮೆರಿಕದ ಮಧ್ಯಂತರ ಚುನಾವಣೆಗೆ ಮುಂಚೆ ಹಂಟ್ ಆಲ್ಕಾಟ್ ಮತ್ತಿತರರು ಕೆಲವರಿಗೆ ಹಣ ಕೊಟ್ಟು ನಾಲ್ಕು ವಾರ ಫೇಸ್‌ಬುಕ್ ಬಿಡಿಸಿದರು. ದಿನಕ್ಕೆ ಸರಾಸರಿ ಒಂದು ತಾಸು ಉಳಿಯಿತು. ಮನಸ್ಸಿನ ನೆಮ್ಮದಿ ಸ್ವಲ್ಪ ಹೆಚ್ಚಿತು, ರಾಜಕೀಯ ಕಡುತನ ಇಳಿಯಿತು, ಜೊತೆಗೆ ಸುದ್ದಿಯ ತಿಳಿವಳಿಕೆಯೂ ಕಡಿಮೆಯಾಯಿತು. ಆ ಕೊನೆಯ ಅಂಶವನ್ನು ಬಿಡುವವರು ಮರೆಯಬಾರದು. 2025ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ನನಗೆ ಹೆಚ್ಚು ಹಿಡಿಸಿತು. ಅದರಲ್ಲಿ ಫೋನ್ ಕಿತ್ತುಕೊಳ್ಳಲಿಲ್ಲ. ಕರೆ, ಮೆಸೇಜ್ ಹಾಗೇ ಬಿಟ್ಟು ಎರಡು ವಾರ ಮೊಬೈಲಿನ ಇಂಟರ್ನೆಟ್ ಮಾತ್ರ ತಡೆದರು. ಶೇ 91 ಮಂದಿಗೆ ಗಮನ, ಮನಸ್ಸಿನ ಆರೋಗ್ಯ, ನೆಮ್ಮದಿ, ಈ ಮೂರರಲ್ಲಿ ಒಂದಾದರೂ ಸುಧಾರಿಸಿತು. ಒಂದೇ ಕಡೆ ಗಮನವಿಡುವ ಶಕ್ತಿ ಹತ್ತು ವರ್ಷ ಚಿಕ್ಕವರಾದಷ್ಟು ಮೇಲಾಯಿತು. ಆದರೆ ಪೂರ್ತಿ ಎರಡು ವಾರ ನಿಯಮ ಪಾಲಿಸಿದವರು ಕಡಿಮೆ. ಒಬ್ಬೊಬ್ಬರೇ ಬಿಡುವಾಗ ಹೀಗೇ ಆಗುತ್ತದೆ.

ಇನ್ನೊಂದು ಕಡೆಯ ವಾದವನ್ನೂ ಇಡಬೇಕು. 2019ರಲ್ಲಿ ಏಮಿ ಆರ್ಬೆನ್ ಮತ್ತು ಆ್ಯಂಡ್ರ್ಯೂ ಶಿಬಿಲ್‌ಸ್ಕಿ ಬೃಹತ್ ಸಮೀಕ್ಷೆಗಳ ಅಂಕಿ-ಅಂಶ ಜಾಲಾಡಿ, ಹದಿಹರೆಯದವರ ಮನಸ್ಸಿನ ಸ್ಥಿತಿಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಡಿಜಿಟಲ್ ಬಳಕೆಗೆ ಹೊರಿಸಬಹುದಾದ ಪಾಲು ಹೆಚ್ಚೆಂದರೆ ಶೇ 0.4 ಎಂದರು. ಜೊನಾಥನ್ ಹೈಟ್ 2024ರಲ್ಲಿ ಬರೆದ ‘ದಿ ಆ್ಯಂಕ್ಷಿಯಸ್ ಜನರೇಷನ್’ ಇದಕ್ಕೆ ಪೂರಾ ಉಲ್ಟಾ. ಫೋನೇ ಒಂದು ಪೀಳಿಗೆಯ ಬಾಲ್ಯವನ್ನು ಕೆಡಿಸಿತು ಎಂಬುದು ಅವನ ವಾದ. ಈ ಜಗಳ ಇನ್ನೂ ಮುಗಿದಿಲ್ಲ. ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಕನ್ನಡ ಮನೆತನದಿಂದ ಬಂದ ಡಾ. ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, ಜಗಳ ಮುಗಿಯುವ ತನಕ ಕಾಯುವುದು ಸರಿಯಲ್ಲ ಎಂದು ತೀರ್ಮಾನಿಸಿದರು. ದಿನಕ್ಕೆ ಮೂರು ತಾಸಿಗಿಂತ ಹೆಚ್ಚು ಜಾಲತಾಣದಲ್ಲಿರುವ ಹದಿಹರೆಯದವರಲ್ಲಿ ಖಿನ್ನತೆ, ಆತಂಕದ ಲಕ್ಷಣಗಳ ಅಪಾಯ ಇಮ್ಮಡಿ ಎಂದು 2023ರ ಮೇ ತಿಂಗಳಲ್ಲಿ ಎಚ್ಚರಿಕೆ ಹೊರಡಿಸಿದರು. 2024ರ ಜೂನ್‌ನಲ್ಲಿ, ಸಿಗರೇಟ್ ಪೊಟ್ಟಣದ ಮೇಲಿರುವಂಥ ಸೂಚನೆ ಈ ತಾಣಗಳ ಮೇಲೂ ಇರಲಿ ಎಂದರು. ನಾನೂ ಅವರ ಪಕ್ಷವೇ. ಮಕ್ಕಳ ವಿಷಯದಲ್ಲಿ ಪುರಾವೆ ತುಂಬಿ ಬರುವ ತನಕ ಕಾದರೆ ಆ ಮಕ್ಕಳು ಅಷ್ಟರಲ್ಲಿ ದೊಡ್ಡವರಾಗಿರುತ್ತಾರೆ.

ನಮ್ಮ ದೇಶದ ಮಕ್ಕಳ ಚಿತ್ರ ಗ್ರಾಮೀಣ ಶಿಕ್ಷಣದ ಸಮೀಕ್ಷೆಯಾದ ಅಸರ್ ವರದಿಯಲ್ಲಿದೆ. 2024ರಲ್ಲಿ ಗ್ರಾಮೀಣ ಭಾರತದ 14ರಿಂದ 16ರ ವಯಸ್ಸಿನವರಲ್ಲಿ ಶೇ 82.2 ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತಿತ್ತು. ಸಮೀಕ್ಷೆಯ ಹಿಂದಿನ ವಾರದಲ್ಲಿ ಅದನ್ನು ಓದಿಗೆ ಬಳಸಿದವರು ಶೇ 57, ಜಾಲತಾಣಕ್ಕೆ ಬಳಸಿದವರು ಶೇ 76. ಜಿಯೊ 2016ರ ಸೆಪ್ಟೆಂಬರ್‌ನಲ್ಲಿ ಬಂದು ನೆಟ್ ಪ್ಯಾಕಿನ ದರ ನೆಲಕಚ್ಚಿದ ಮೇಲೆ ಹಳ್ಳಿ, ಪಟ್ಟಣ ಎಂಬ ಭೇದ ಈ ವಿಷಯದಲ್ಲಿ ಉಳಿದಿಲ್ಲ.

ಹಾಗಾದರೆ ಫೋನನ್ನೇ ಬಿಡಬಹುದೇ ಎಂಬ ಪ್ರಶ್ನೆ ಬಂದಾಗ ಕಸಬೆ ಡಿಗ್ರಜದಂಥ ಊರನ್ನು ಕಣ್ಣೆದುರು ಇಟ್ಟುಕೊಂಡು ಯೋಚಿಸಬೇಕು. ಸಾಂಗ್ಲಿಯ ಪಶ್ಚಿಮಕ್ಕೆ, ಕೃಷ್ಣೆಯ ದಂಡೆಯಲ್ಲಿ, ಮಿರಜ ತಾಲ್ಲೂಕಿನ ಊರು ಅದು. ರಾಹುರಿಯ ಮಹಾತ್ಮ ಫುಲೆ ಕೃಷಿ ವಿದ್ಯಾಪೀಠದ ಸಂಶೋಧನಾ ಕೇಂದ್ರ ಅಲ್ಲಿದೆ. ‘ಫುಲೆ ಸ್ವರೂಪಾ’ ಅರಿಶಿನ ತಳಿ ಅಲ್ಲಿಯದು; ಬೆಳಗಾವಿ ಸೀಮೆಯ ರೈತರೂ ಬಲ್ಲ ಕೆಡಿಎಸ್ 726 ಸೋಯಾಬೀನ್ ಕೂಡ ಅಲ್ಲಿಂದಲೇ ಬಂದದ್ದು. ಈ ಊರಿನ ಒಬ್ಬ ರೈತನಿಗೆ ಸ್ಮಾರ್ಟ್‌ಫೋನ್ ಬಿಟ್ಟುಬಿಡು ಎಂದರೆ ಅವನೇನು ಮಾಡಬೇಕು? ಮಹಾರಾಷ್ಟ್ರದಲ್ಲಿ 2021ರ ಆಗಸ್ಟ್ 15ರಿಂದ ಇ-ಪೀಕ್ ಪಾಹಣಿ ಜಾರಿಯಲ್ಲಿದೆ. ತನ್ನ ಹೊಲದಲ್ಲಿ ಯಾವ ಪೀಕು ನಿಂತಿದೆ ಎಂದು ರೈತನೇ ಫೋಟೊ ತೆಗೆದು ಆ್ಯಪಿನಲ್ಲಿ ಹಾಕಬೇಕು, ಆಗ ಅದು ಸಾತ್-ಬಾರಾ ಉತಾರದ (ಪಹಣಿಯ) ಮೇಲೆ ಏರುತ್ತದೆ. ಊರಿನ ಅಂಗನವಾಡಿ ತಾಯಿಗೆ ಪೋಷಣ್ ಟ್ರ್ಯಾಕರ್ ಆ್ಯಪ್ ಇದೆ. ರೋಜಗಾರ ಹಮಿ (ಉದ್ಯೋಗ ಖಾತರಿ) ಕೆಲಸಕ್ಕೆ ಹೋದವರ ಹಾಜರಿಯೂ 2023ರ ಜನವರಿಯಿಂದ ಫೋನಿನಲ್ಲೇ. ಸಾಂಗ್ಲಿ ಪೇಟೆಯ ಅರಿಶಿನ ದರ ಅದರಲ್ಲೇ ಬರುತ್ತದೆ.

ಎಲ್ಲಕ್ಕಿಂತ ಮಿಗಿಲಾಗಿ ಹೊಳೆ. ಮಳೆಗಾಲದಲ್ಲಿ ಈ ದಂಡೆಯ ಜನ ಕೊಯ್ನಾ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರು, ಸಾಂಗ್ಲಿಯ ಇರ್ವಿನ್ ಪೂಲಿನ (ಸೇತುವೆಯ) ಹತ್ತಿರ ಎಷ್ಟು ಅಡಿ ಆಯಿತು ಎಂದು ಕೇಳುತ್ತಲೇ ಇರುತ್ತಾರೆ. ಅಲ್ಲಿ 45 ಅಡಿ ಅಪಾಯದ ಮಟ್ಟ. 2019ರ ಆಗಸ್ಟ್‌ನಲ್ಲಿ ಅದು 57 ಅಡಿ ದಾಟಿತು. ಅಂಥ ರಾತ್ರಿಯಲ್ಲಿ ಫೋನ್ ಕೈಯಲ್ಲಿರಲೇಬೇಕು. ಹಾಗಾಗಿ ಉಪಕರಣ ಬೇರೆ, ಅದರೊಳಗೆ ತಾನಾಗಿ ಹರಿದುಬರುವ ರೀಲ್ಸ್, ಸ್ಟೇಟಸ್, ಫಾರ್ವರ್ಡ್‌ಗಳ ಮಹಾಪೂರ ಬೇರೆ ಎಂದು ಬಿಡಿಸಿ ನೋಡದ ಯಾವ ಉಪದೇಶವೂ ಈ ಊರುಗಳಿಗೆ ಒಗ್ಗುವುದಿಲ್ಲ. ತೊಡಕು ಇರುವುದು ಎರಡೂ ಒಂದೇ ಬಾಗಿಲಿನಿಂದ ಬರುವುದರಲ್ಲಿ. ಇರ್ವಿನ್ ಪೂಲಿನ ಅಡಿ ನೋಡಲು ತೆರೆದ ಗ್ರೂಪಿನಲ್ಲೇ ಶುಭ ಮುಂಜಾವು, ಜಾತಿ ಜಗಳ, ನಗೆಹನಿ, ಯಾರದೋ ಹುಟ್ಟುಹಬ್ಬ ಎಲ್ಲ ಇರುತ್ತವೆ. ಅಲ್ಲಿಂದ ಹೊರಬಂದ ಬೆರಳು ರೀಲ್ಸಿಗೆ ಹೋಗುತ್ತದೆ. ರೀಲ್ಸಿಗೆ ಕೊನೆ ಇಲ್ಲ, ಏಕೆಂದರೆ ಕೊನೆ ಇಲ್ಲದಂತೆಯೇ ಅದನ್ನು ಮಾಡಿದ್ದಾರೆ. ಪುಟ ಮುಗಿಯದೆ ಕೆಳಗಿಳಿಯುತ್ತಲೇ ಹೋಗುವ ಈ ವಿಧಾನವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಮುಂದೆ ಅದಕ್ಕಾಗಿ ಬಹಿರಂಗವಾಗಿ ಮರುಗಿದ. ಫೇಸ್‌ಬುಕ್‌ನ ಲೈಕ್ ಗುಂಡಿ ಬಂದದ್ದು 2009ರಲ್ಲಿ. ಇಷ್ಟೆಲ್ಲ ಲೆಕ್ಕ ಹಾಕಿ ಕಟ್ಟಿದ ಯಂತ್ರದ ಎದುರು ಹನ್ನೆರಡು ವರ್ಷದ ಹುಡುಗನಿಗೆ ನಿನಗೆ ಶಿಸ್ತಿಲ್ಲ ಎಂದು ಬೈಯುವುದು ಅನ್ಯಾಯ.

ಫಾರ್ವರ್ಡ್‌ಗಳಿಂದಾದ ಕೇಡು ಬರೀ ಹೊತ್ತು ಹಾಳಾದದ್ದಲ್ಲ. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರೈನಪಾಡಾದಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಐವರನ್ನು ಜನ ಹೊಡೆದು ಕೊಂದರು. ಅದೇ ತಿಂಗಳು ಬೀದರ್ ಜಿಲ್ಲೆಯ ಔರಾದ ತಾಲ್ಲೂಕಿನಲ್ಲಿ, ಮಕ್ಕಳಿಗೆ ಚಾಕಲೇಟ್ ಕೊಟ್ಟ ಹೈದರಾಬಾದಿನ ತರುಣರ ಕಾರನ್ನು ಅಟ್ಟಿಸಿಕೊಂಡು ಹೋಗಿ ಒಬ್ಬನನ್ನು ಕೊಂದರು. ಆ ಜುಲೈನಲ್ಲೇ ವಾಟ್ಸ್ಆ್ಯಪ್ ಭಾರತದಲ್ಲಿ ಒಮ್ಮೆಗೆ ಐದೇ ಕಡೆ ಫಾರ್ವರ್ಡ್ ಎಂಬ ಮಿತಿ ಹಾಕಿತು. ವಡಗಾಂವದಲ್ಲಿ ಭೋಂಗಾ ಕೂಗತೊಡಗಿ ತಿಂಗಳಾಗುವಷ್ಟರಲ್ಲಿ, 2022ರ ಸೆಪ್ಟೆಂಬರ್ 13ರಂದು, ಅದೇ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಲವಂಗಾದಲ್ಲಿ ವಿಜಯಪುರದಿಂದ ಪಂಢರಪುರಕ್ಕೆ ಹೊರಟಿದ್ದ ನಾಲ್ವರು ಸಾಧುಗಳು ಮಕ್ಕಳ ಕಳ್ಳರೆಂಬ ಗುಮಾನಿಗೆ ಏಟು ತಿಂದರು. ಅವರು ಮಾಡಿದ್ದು ಒಬ್ಬ ಹುಡುಗನನ್ನು ದಾರಿ ಕೇಳಿದ್ದು, ಅಷ್ಟೇ.

ಇಂಥವನ್ನು ನೋಡಿ ಜಾಲತಾಣ ಬೇಡವೇ ಬೇಡ ಎಂದುಬಿಡುವುದು ಸುಲಭ. ಆದರೆ ಅದೇ ಜತ್ತ ತಾಲ್ಲೂಕು ಬೇರೆ ಮಾತನ್ನೂ ಹೇಳುತ್ತದೆ. ಅಲ್ಲಿಯ ಪೂರ್ವ ಭಾಗದ ಹಳ್ಳಿಗಳ ಮನೆಮಾತು ಕನ್ನಡ. ಕಚೇರಿ ಮರಾಠಿಯಲ್ಲಿ ನಡೆಯುತ್ತದೆ, ಫಲಕಗಳು ಮರಾಠಿಯಲ್ಲಿವೆ. ಅಲ್ಲಿಯ ಕನ್ನಡ ಶಾಲೆಯ ಹುಡುಗಿಗೆ ಕನ್ನಡದ ಸುದ್ದಿ, ಪಾಠದ ವಿಡಿಯೊ, ಗೀಗೀ ಪದ, ಡೊಳ್ಳಿನ ಪದ ಬೇಡಿದಾಗ ಸಿಗುವುದು ಯೂಟ್ಯೂಬಿನಲ್ಲಿ. 2022ರ ಕೊನೆಯಲ್ಲಿ ನೀರಿನ ಪ್ರಶ್ನೆ ಎದ್ದು ಜತ್ತದ ಹಳ್ಳಿಗಳು ಕರ್ನಾಟಕದ ಕಡೆ ಮುಖ ಮಾಡಿದಾಗ ಅವರ ದನಿ ಬೆಂಗಳೂರಿನವರೆಗೂ ತಲುಪಿದ್ದರಲ್ಲಿ ಈ ಫೋನುಗಳ ಪಾಲೂ ಇತ್ತು. ಗಡಿಯಾಚೆ ಉಳಿದ ಕನ್ನಡಿಗರಿಗೆ ಇದು ಸಣ್ಣ ವಿಷಯವಲ್ಲ. ಬೇಕಾದದ್ದನ್ನು ಹುಡುಕಿಕೊಂಡು ಹೋಗಿ ನೋಡುವುದು ಬಳಕೆ. ಯಾವುದನ್ನೂ ಹುಡುಕದೆ ಕೂತವರ ಮುಂದೆ ಕಂಪನಿಯ ಲೆಕ್ಕಾಚಾರ ಸುರಿಯುವುದು ಬೇರೆ. ಬಿಡಬೇಕಾದದ್ದು ಎರಡನೆಯದನ್ನು.

ಸಾಂಗ್ಲಿಯ ಭೋಂಗಾ ಕರ್ನಾಟಕಕ್ಕೂ ಬಂದಿದೆ. ಕವಠೇ ಮಹಾಂಕಾಳ ತಾಲ್ಲೂಕಿನ ಅಗ್ರಣ ಧುಳಗಾಂವವೂ ಸಂಜೆ ಟಿವಿ-ಮೊಬೈಲ್ ಬಂದ್ ಮಾಡುವ ಪದ್ಧತಿ ತಂದಿತ್ತು. ಆ ಊರ ಅಗ್ರಣಿ ಹೊಳೆ ನಮ್ಮ ಅಥಣಿ ಸೀಮೆಗೆ ಹರಿದು ಕೃಷ್ಣೆಯನ್ನು ಕೂಡುತ್ತದೆ. ಊರಿನ ಪದ್ಧತಿಯೂ ಹಾಗೆಯೇ ಈಚೆಗೆ ಹರಿಯಿತು. ಬೆಳಗಾವಿಯ ಸುವರ್ಣ ವಿಧಾನಸೌಧಕ್ಕೆ ಹೊಂದಿಕೊಂಡಿರುವ ಹಲಗಾ ಗ್ರಾಮ ಪಂಚಾಯತಿ ಧುಳಗಾಂವದ ಮಾದರಿ ಹಿಡಿದು 2024ರ ಡಿಸೆಂಬರ್‌ನಲ್ಲಿ ಸಂಜೆ ಏಳರಿಂದ ಒಂಬತ್ತರವರೆಗೆ ಎರಡು ತಾಸು ಟಿವಿ, ಮೊಬೈಲ್ ಬಂದ್ ಎಂದು ಸಾರಿತು. ವಿಧಾನಮಂಡಲದ ಅಧಿವೇಶನ ನಡೆಯುವ ತಿಂಗಳಲ್ಲಿ, ಅದರ ಬಾಗಿಲಲ್ಲೇ ಒಂದು ಊರು ತನ್ನ ಕಾಯ್ದೆಯನ್ನು ತಾನೇ ಮಾಡಿಕೊಂಡಿತು.

ಕಾಯ್ದೆಯ ದಾರಿಯೂ ಇದೆ. ಆಸ್ಟ್ರೇಲಿಯ 2024ರ ನವೆಂಬರ್‌ನಲ್ಲಿ ಮಸೂದೆ ಒಪ್ಪಿ, 2025ರ ಡಿಸೆಂಬರ್ 10ರಿಂದ 16ರೊಳಗಿನ ಮಕ್ಕಳು ಜಾಲತಾಣದಲ್ಲಿ ಖಾತೆ ಇಡುವುದನ್ನು ನಿಲ್ಲಿಸಿತು. ದಂಡ ಮಕ್ಕಳಿಗಾಗಲೀ ಹೆತ್ತವರಿಗಾಗಲೀ ಇಲ್ಲ, ಕಂಪನಿಗೆ; 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ. ಇದು ನ್ಯಾಯದ ಕ್ರಮ. ಯವತಮಾಳ ಜಿಲ್ಲೆಯ ಬಾನ್ಸಿ ಗ್ರಾಮಸಭೆ 2022ರ ನವೆಂಬರ್‌ನಲ್ಲಿ 18ರೊಳಗಿನವರಿಗೆ ಮೊಬೈಲನ್ನೇ ನಿಷೇಧಿಸಿ ದಂಡದ ಮಾತಾಡಿತು. ನನಗದು ಒಪ್ಪಿಗೆಯಿಲ್ಲ. ದೊಡ್ಡವರು ನೋಡುತ್ತ ಕೂತು ಮಕ್ಕಳಿಗೆ ಮಾತ್ರ ಬಂದ್ ಎಂದರೆ ಮಕ್ಕಳು ಕದ್ದು ನೋಡುವುದನ್ನು ಕಲಿಯುತ್ತಾರೆ. ವಡಗಾಂವದ ಹೆಚ್ಚುಗಾರಿಕೆ ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರಿಗೂ ಒಂದೇ ನಿಯಮ ಮಾಡಿದ್ದು. ಇನ್ನು ಊರ ಭೋಂಗಾ ತಲುಪಲಾರದಷ್ಟು ಆಳಕ್ಕೆ ಇಳಿದವರಿಗೆ ವೈದ್ಯರೇ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಮನೋಜ್ ಕುಮಾರ್ ಶರ್ಮಾ ಅವರ ‘ಶಟ್’ ಕ್ಲಿನಿಕ್ 2014ರಿಂದ ಇದೇ ಕೆಲಸ ಮಾಡುತ್ತಿದೆ. ಊಟ, ನಿದ್ದೆ, ಶಾಲೆ ಮೂರನ್ನೂ ಬಿಟ್ಟು ಆಟದ ಪರದೆಗೆ ಅಂಟಿದ ಮಗುವನ್ನು ಹೊಡೆದು ಸರಿ ಮಾಡಲು ಹೊರಟ ತಂದೆತಾಯಿಗಳಿಗೆ, ಅಂಥದೊಂದು ಜಾಗವಿದೆ ಎಂಬುದು ಗೊತ್ತಿರಬೇಕು.

ಊರು ಒಟ್ಟಾಗಿ ಏನನ್ನಾದರೂ ಬಿಡುವುದು ಈ ಸೀಮೆಗೆ ಹೊಸತಲ್ಲ. 2022ರ ಮೇ 4ರಂದು ಕೊಲ್ಹಾಪುರ ಜಿಲ್ಲೆ ಶಿರೋಳ ತಾಲ್ಲೂಕಿನ ಹೇರವಾಡ ಗ್ರಾಮಸಭೆ, ಸುರಗೊಂಡ ಪಾಟೀಲ ಸರಪಂಚರಾಗಿದ್ದಾಗ, ಗಂಡ ಸತ್ತಾಗ ಹೆಂಡತಿಯ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿಯನ್ನು ನಿಲ್ಲಿಸಿತು; ಹದಿನೈದು ದಿನದೊಳಗೆ ರಾಜ್ಯ ಸರಕಾರವೇ ಉಳಿದ ಊರುಗಳಿಗೂ ಅದನ್ನು ಅನುಸರಿಸಲು ಹೇಳಿತು. ಮಹಾರಾಷ್ಟ್ರದ ‘ಉಭಿ ಬಾಟಲಿ, ಆಡವಿ ಬಾಟಲಿ’ (ನಿಂತ ಬಾಟಲಿ, ಅಡ್ಡ ಬಾಟಲಿ) ಮತದಾನದಲ್ಲಿ ಊರ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಡ್ಡ ಬಾಟಲಿಗೆ ಮುದ್ರೆ ಒತ್ತಿದರೆ ಸಾರಾಯಿ ಅಂಗಡಿ ಮುಚ್ಚುತ್ತದೆ. ಸಾಂಗ್ಲಿ, ಮಿರಜ, ಚಿಕ್ಕೋಡಿ ಸೀಮೆಯ ಜೈನ ರೈತ ಮನೆಗಳಲ್ಲಿ ಸಾಮಾಯಿಕವೆಂಬ ಧ್ಯಾನದ ರೂಢಿಯಿದೆ. ಅದು 48 ನಿಮಿಷ. ಅಷ್ಟು ಹೊತ್ತು ಹೊರಗಿನ ಯಾವ ವ್ಯವಹಾರವೂ ಇಲ್ಲ, ಮುಗಿದ ಮೇಲೆ ಮತ್ತೆ ಸಂಸಾರ. ಹೊತ್ತು ಗೊತ್ತುಮಾಡಿ ಬಿಡುವುದನ್ನು ಜನ ಒಪ್ಪಿಕೊಳ್ಳುತ್ತಾರೆ. ಜನ್ಮಕ್ಕೂ ಬಿಡು ಎಂದರೆ ಎರಡನೆಯ ದಿನವೇ ಮುರಿಯುತ್ತದೆ.

ಭೋಂಗಾದ ಕೊರತೆಗಳನ್ನೂ ಹೇಳಬೇಕು. ಏಳರಿಂದ ಎಂಟೂವರೆ ಎಂದರೆ ಹೆಂಗಸರು ಅಡಿಗೆಮನೆಯಲ್ಲಿರುವ ಹೊತ್ತು. ಹೊಲದಿಂದ ಬಂದು ರೊಟ್ಟಿ ಬಡಿಯುತ್ತ ಧಾರಾವಾಹಿ ನೋಡುವುದು ಅವರ ದಿನದ ಏಕೈಕ ಬಿಡುವಾಗಿದ್ದರೆ, ಬಂದ್ ಆದದ್ದು ಮೊದಲು ಅದೇ. ಗಂಡಸರ ಕಟ್ಟೆ, ಚಹಾದಂಗಡಿ ಯಾವ ಭೋಂಗಾಕ್ಕೂ ಮುಚ್ಚುವುದಿಲ್ಲ. ಊರು ತಮ್ಮಿಂದ ಏನನ್ನು ತೆಗೆದುಕೊಂಡಿತೋ ಅದಕ್ಕೆ ಬದಲು ಏನು ಕೊಟ್ಟಿತು ಎಂದು ಆ ಹೆಂಗಸರು ಕೇಳಿದರೆ ಉತ್ತರ ಇರಬೇಕು. ಖಾಲಿಯಾದ ತಾಸನ್ನು ತುಂಬುವುದು ಯಾವುದರಿಂದ ಎಂಬುದು ಈ ಪ್ರಶ್ನೆಯ ಇನ್ನೊಂದು ಮುಖ. ಕಸಬೆ ಡಿಗ್ರಜದಿಂದ ಕೃಷ್ಣೆಯ ಗುಂಟ ಮೇಲೆ ಹೋದರೆ ಪಲೂಸ ತಾಲ್ಲೂಕಿನ ಔದುಂಬರ, ಅಂಕಲಖೋಪ ಸಿಗುತ್ತವೆ. ಔದುಂಬರದಲ್ಲಿ 1939ರಿಂದ ಸಂಕ್ರಾಂತಿಗೆ ಸಾಹಿತ್ಯ ಸಮ್ಮೇಳನ ನಡೆಯುತ್ತ ಬಂದಿದೆ. ಮೊದಲ ಪುಸ್ತಕದ ಊರಾದ ಭಿಲಾರದ ನಂತರ ಮಹಾರಾಷ್ಟ್ರ ಸರಕಾರ 2022ರಲ್ಲಿ ಪುಸ್ತಕದ ಊರು ಎಂದು ಆರಿಸಿದವುಗಳಲ್ಲಿ ಅಂಕಲಖೋಪವೂ ಒಂದು. ನಮ್ಮ ಕಡೆ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. 2020ರ ನವೆಂಬರ್‌ನಲ್ಲಿ ಮಕ್ಕಳಿಗೆಂದು ‘ಓದುವ ಬೆಳಕು’ ಕಾರ್ಯಕ್ರಮವೂ ಶುರುವಾಯಿತು. ಭೋಂಗಾ ಕೂಗುವ ಊರಿನಲ್ಲಿ ಅರಿವು ಕೇಂದ್ರ ಆ ಹೊತ್ತಿಗೆ ಬೀಗ ಹಾಕಿಕೊಂಡಿದ್ದರೆ ನಿರ್ಣಯ ಅರ್ಧವೇ ಆದಂತೆ. ರಾತ್ರಿ ಒಂಬತ್ತರವರೆಗೆ ತೆರೆದಿರಲಿ, ಗ್ರಂಥಪಾಲಕರಿಗೆ ಆ ಹೊತ್ತಿನ ಸಂಬಳ ಕೊಡಲಿ.

ಇಂಥ ನಿರ್ಣಯ ಮಾಡಲು ಕೂಡುವ ಗ್ರಾಮಸಭೆಗೆ ಇನ್ನೊಂದು ವಿಷಯ ಸೇರಿಸಬೇಕೆಂದು ನನ್ನ ಬೇಡಿಕೆ. ಅಡ್ಮಿನ್ ಮಾತ್ರ ಬರೆಯಬಹುದಾದ ಗ್ರೂಪ್ ಮಾಡುವ ಅನುಕೂಲ ವಾಟ್ಸ್ಆ್ಯಪ್‌ನಲ್ಲಿ 2018ರಿಂದ ಇದೆ. ಪಂಚಾಯತಿ ಅಂಥದೊಂದನ್ನು ತೆರೆದು ಹೊಳೆಯ ಮಟ್ಟ, ಕರೆಂಟಿನ ಪಾಳಿ, ಪೇಟೆಯ ದರ, ಲಸಿಕೆ, ಶಾಲೆಯ ಸೂಚನೆ ಇಷ್ಟನ್ನೇ ಹಾಕಲಿ, ಮತ್ತೊಂದಕ್ಷರವನ್ನೂ ಹಾಕದಿರಲಿ. ಗಡಿಭಾಗದ ಊರಾದರೆ ಅದೇ ಸೂಚನೆ ಕನ್ನಡದಲ್ಲೂ ಮರಾಠಿಯಲ್ಲೂ ಇರಲಿ. ಫೋನಿಲ್ಲದ ಮನೆಗಳಿಗೆ ಅದನ್ನೇ ಗುಡಿಯ ಮೈಕಿನಲ್ಲಿ ಓದಿಸಬಹುದು. ಹಾಗಾದಾಗ ಉಳಿದ ಗ್ರೂಪುಗಳನ್ನು ಬಿಡಬೇಕೆನ್ನುವ ರೈತ, ಕೊಯ್ನಾದ ಬಾಗಿಲು ತೆರೆದದ್ದು ತನಗೆ ತಿಳಿಯದೆ ಹೋದೀತೆಂದು ಹೆದರಿ ಅಲ್ಲೇ ಉಳಿಯಬೇಕಾಗುವುದಿಲ್ಲ.